ನಾನೇ ಖುದ್ದಾಗಿ ಓದಿದ್ದೇನೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಗುಮ್ಮನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಎಡಮಂಡಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡ. ನಿನ್ನ ಪತ್ರ ಬಂದು ಏಳು ತಿಂಗಳಾಯಿತು, ನಾನು ಉತ್ತರ ಬರೆಯಲಿಲ್ಲ, ತಪ್ಪಾಯಿತು. ಪತ್ರ ಕೈಸೇರಲೇ ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಲಕೋಟೆಯ ಅಂಟು ಒಂದು ಮೂಲೆಯಲ್ಲಿ ಎದ್ದಿತ್ತು, ಯಾರೋ ಬಿಚ್ಚಿ ಓದಿ ಮತ್ತೆ ಅಂಟಿಸಿದ್ದಾರೆ ಎಂದು ನಾನು ಎರಡು ದಿನ ಮನೆಯಲ್ಲಿ ವಿಚಾರಣೆ ನಡೆಸಿದ್ದನ್ನು ನನ್ನ ಹೆಂಡತಿ ಫೋನಿನಲ್ಲಿ ನಿನ್ನ ಹೆಂಡತಿಗೆ ಆಗಲೇ ವರದಿ ಮಾಡಿಬಿಟ್ಟಿದ್ದಾಳಂತೆ. ಕಾಲೇಜಿನಲ್ಲಿ ನೀನು ನನಗೆ ಅನುಮಾನಪ್ಪ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಾನೂ ನಿನ್ನನ್ನು ಗುಮ್ಮ ಎಂದು ಕರೆದೆ. ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು, ಮೂರು ಸಲ ಕೂಗಿದರೂ ಹೂಂ ಅನ್ನದವನಿಗೆ ಬೇರೆ ಯಾವ ಹೆಸರು ಒಪ್ಪುತ್ತಿತ್ತು?

ನಿನ್ನ ರಟ್ಟು ಕಟ್ಟುವ ಅಂಗಡಿ ಹೇಗಿದೆ? ಈ ಕಾಲದಲ್ಲೂ ಪುಸ್ತಕ ಹೊಲಿಸಿಕೊಳ್ಳಲು ಜನ ಬರುತ್ತಾರೆಯೇ? ಬರದೆ ಇದ್ದರೂ ನೀನು ಅಂಗಡಿ ತೆರೆದು ಕೂತಿರುತ್ತೀಯ, ನನಗೆ ಗೊತ್ತು.

ಇಲ್ಲಿಯ ದೊಡ್ಡ ಸುದ್ದಿ ಎಂದರೆ ನಮ್ಮ ಕಚೇರಿಗೆ ಯಂತ್ರ ಬಂದಿದೆ. ನಮ್ಮ ಸೊಸೆ ತಂದದ್ದು. ಅವಳು ನನ್ನ ಕಚೇರಿಯಲ್ಲೇ ವಕೀಲಿ ಮಾಡುತ್ತಿರುವುದನ್ನು ಹಿಂದೆ ಬರೆದಿದ್ದೆ. ಅವಳ ಕಂಪ್ಯೂಟರಿನಲ್ಲಿ ಅದು ಕೂತಿದೆ, ಕಣ್ಣಿಗೆ ಕಾಣುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಅರ್ಜಿ ಬರೆದುಕೊಡುತ್ತದೆ, ಹಳೆಯ ತೀರ್ಪುಗಳನ್ನು ನಿಮಿಷದಲ್ಲಿ ಜಾಲಾಡುತ್ತದೆ. ನಾನು ಮೊದಲ ದಿನವೇ ಅದಕ್ಕೊಂದು ಬಲೆ ಒಡ್ಡಿದೆ. ಇಲ್ಲದ ಕಾಯಿದೆಯೊಂದರ ಹೆಸರು ಕಟ್ಟಿ, ಅದರ ಒಂಬತ್ತನೇ ಕಲಮು ಏನು ಹೇಳುತ್ತದೆ ಎಂದು ಕೇಳಿಸಿದೆ. "ಕ್ಷಮಿಸಿ, ಅಂಥ ಕಾಯಿದೆ ನನಗೆ ಸಿಗುತ್ತಿಲ್ಲ, ದಯವಿಟ್ಟು ಇನ್ನೊಮ್ಮೆ ಪರಿಶೀಲಿಸುತ್ತೀರಾ?" ಎಂದಿತು. ಅತಿವಿನಯಂ ಧೂರ್ತಲಕ್ಷಣಂ. ಅವತ್ತಿನಿಂದಲೇ ಅದರ ಮೇಲೆ ಒಂದು ಕಣ್ಣಿಟ್ಟೆ.

ನಮ್ಮ ಗುಮಾಸ್ತ ಮೊದಲ ವಾರ ಅಳುಮೋರೆ ಹಾಕಿಕೊಂಡಿದ್ದ. "ಸಾರ್, ಇದು ನನ್ನ ಹೊಟ್ಟೆ ಮೇಲೆ ಹೊಡೆಯೋಕೇ ಬಂದಿರೋದು" ಎಂದ. ಎರಡನೆಯ ವಾರ ನೋಡಿದರೆ ವಾಯಿದೆ ಅರ್ಜಿಗಳನ್ನೆಲ್ಲ ಅದರ ಕೈಯಲ್ಲೇ ಬರೆಸಿ, ತಾನು ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದುತ್ತಿದ್ದಾನೆ. ಅವನ ಮುಖದಲ್ಲಿ ಈಗ ಒಂದು ನಗು ಬಂದಿದೆ. ಆ ನಗು ನನಗೆ ಹಿಡಿಸುತ್ತಿಲ್ಲ.

ಹೊಸದು ಬಂದಾಗಲೆಲ್ಲ ನಮ್ಮ ಕರಿಕೋಟಿನ ಜಾತಿ ಹೇಗೆ ಕುಣಿಯುತ್ತದೆಂದು ನಿನಗೆ ಗೊತ್ತಲ್ಲ. ಟೈಪ್‌ರೈಟರು ಬಂದಾಗ ನಮ್ಮ ಹಿರಿಯ ವಕೀಲರು ಕೈಬರಹವಿಲ್ಲದ ಅರ್ಜಿಗೆ ಜೀವವಿಲ್ಲ ಎಂದಿದ್ದರಂತೆ. ಜೆರಾಕ್ಸ್ ಬಂದ ವರ್ಷ ನಕಲು ಶಾಖೆಯವರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡಿದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡಿದ್ದೇವೆ. ಮೊದಲು ಬಯ್ಯುತ್ತೇವೆ, ಆಮೇಲೆ ಅದಕ್ಕೊಂದು ನಿಯಮ ಮಾಡುತ್ತೇವೆ, ಹತ್ತು ವರ್ಷ ಕಳೆದ ಮೇಲೆ ನಮ್ಮಜ್ಜನ ಕಾಲದಿಂದಲೂ ಹೀಗೇ ಇತ್ತು ಎನ್ನುತ್ತೇವೆ. ಈ ಸಲ ಬಯ್ಯುವುದರಲ್ಲಿ ನಾನೇ ಮುಂದು.

ಕಳೆದ ತಿಂಗಳು ಒಬ್ಬ ಹುಡುಗ ವಕೀಲ ಯಂತ್ರದ ಕೈಯಲ್ಲಿ ಅರ್ಜಿ ಬರೆಸಿ ತಂದ. ಅದರಲ್ಲಿ ಮೂರು ತೀರ್ಪುಗಳ ಉಲ್ಲೇಖವಿತ್ತು, ಮೂರನ್ನೂ ಯಾವ ನ್ಯಾಯಾಧೀಶರೂ ಬರೆದಿರಲಿಲ್ಲ. ಯಂತ್ರವೇ ಹೆತ್ತು ಹೆಸರಿಟ್ಟದ್ದು! ನಾನು ವಕೀಲರ ಸಂಘದ ಸಭೆಯಲ್ಲಿ ಎದ್ದುನಿಂತು ಮುಕ್ಕಾಲು ಗಂಟೆ ಮಾತಾಡಿದೆ, ಮಂಡಿ ನೋವು ನೆನಪಿಗೇ ಬರಲಿಲ್ಲ. ಇನ್ನು ಮೇಲೆ ಪ್ರತಿಯೊಬ್ಬ ವಕೀಲನೂ ಅರ್ಜಿಯ ಜೊತೆ ಒಂದು ಘೋಷಣೆಗೆ ಸಹಿ ಹಾಕಬೇಕು ಎಂದೆ. ವಾಕ್ಯವನ್ನೂ ನಾನೇ ಬರೆದುಕೊಟ್ಟೆ: "ಇಲ್ಲಿ ಉಲ್ಲೇಖಿಸಿದ ಪ್ರತಿಯೊಂದು ತೀರ್ಪನ್ನು ನಾನೇ ಖುದ್ದಾಗಿ, ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ." ಸಭೆಯಲ್ಲಿ ಚಪ್ಪಾಳೆ ಬಿತ್ತು. ನಮ್ಮ ನ್ಯಾಯಾಲಯ ಅದನ್ನು ಹಾಗೇ ನಿಯಮ ಮಾಡಿಕೊಂಡಿದೆ, ಬರುವ ತಿಂಗಳ ಒಂದನೇ ತಾರೀಖಿನಿಂದ ಜಾರಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತ, "ತಾನು ಕಳ್ಳ, ಪರರ ನಂಬ ಅಂತ ಗಾದೆ ಇದೆ ನೋಡಿ" ಎಂದು ನಕ್ಕಳು. ತಮಾಷೆಗೆ ಹೇಳಿದ್ದು. ಆದರೂ ನಾನು ಅವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ಸಭೆಯಲ್ಲಿ ನೀನಿರಬೇಕಿತ್ತು ಅನ್ನಿಸಿತು. ನೀನು ಕೋಟು ಬಿಚ್ಚಿಟ್ಟು ಮೂವತ್ತೆಂಟು ವರ್ಷವಾಯಿತಲ್ಲವೇ? ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ
ಅನುಮಾನಪ್ಪ

ಮರೆತಿದ್ದೆ: ಆ ಟೈಲರಮ್ಮನ ಕೇಸು ನಿನಗೆ ನೆನಪಿದೆಯೇ? ನೀನು ಅವಳ ಪರ ನಿಂತಿದ್ದೆ, ನಾನು ಮಳಿಗೆಯ ಮಾಲೀಕನ ಪರ. ಏನೂ ಇಲ್ಲ, ಹಳೆಯ ನೋಟುಪುಸ್ತಕ ತಿರುವುತ್ತಿದ್ದೆ, ಕಣ್ಣಿಗೆ ಬಿತ್ತು, ಅಷ್ಟೆ.


ಗುರುವಾರ, ಏಪ್ರಿಲ್ ೩

ಪ್ರೀತಿಯ ಗುಮ್ಮ,

ನಿನ್ನ ಕಾರ್ಡು ಬಂತು. ಎರಡೇ ಮಾತು: "ನೆನಪಿದೆ. ಯಾಕೆ ಕೇಳಿದೆ?" ನೀನು ಬದಲಾಗಲಿಲ್ಲ, ಬಾಯಲ್ಲಿ ಮಾತು ಉಳಿಸುವ ಹಾಗೆ ಕಾಗದದಲ್ಲೂ ಉಳಿಸುತ್ತೀಯ. ಈ ಸಲ ಬೇಗ ಬರೆಯಬೇಕೆಂದಿದ್ದೆ, ಕೈ ಏಳಲಿಲ್ಲ. ಯಾಕೆ ಕೇಳಿದೆ ಎಂಬುದನ್ನು ಸುತ್ತಿ ಬಳಸಿ ಹೇಳುತ್ತೇನೆ, ನೇರವಾಗಿ ಹೇಳಿ ನನಗೆ ಅಭ್ಯಾಸವಿಲ್ಲ.

ಈಗ ನನ್ನ ಹತ್ತಿರ ಒಂದು ಕೇಸಿದೆ. ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬ ಇದ್ದಾನೆ. ಕಣ್ಣಿನ ಆಪರೇಷನ್ನಿಗೆಂದು ಐದು ವಾರ ಬಾಗಿಲು ಹಾಕಿದ್ದ. ಕಟ್ಟಡದ ಮಾಲೀಕ ಅವನನ್ನು ಅಲ್ಲಿಂದ ಖಾಲಿ ಮಾಡಿಸಬೇಕೆಂದು ನನ್ನ ಹತ್ತಿರ ಬಂದ. ನನಗೆ ಇದು ಬಾಯಿಪಾಠ. ನನ್ನ ನೋಟುಪುಸ್ತಕದ ಮೊದಲ ಹಾಳೆಯಲ್ಲೇ ಅದಕ್ಕೆ ಬೇಕಾದ ವಾಕ್ಯವಿದೆ, ಮೇಲಿನ ಕೋರ್ಟಿನ ತೀರ್ಪಿನದು: "ಕಾರಣ ಏನೇ ಇರಲಿ, ತಿಂಗಳು ಕಾಲ ಬಾಗಿಲು ಮುಚ್ಚಿದ ಬಾಡಿಗೆದಾರನು ಆ ಜಾಗವನ್ನು ಬಿಟ್ಟುಕೊಟ್ಟನೆಂದೇ ತಿಳಿಯತಕ್ಕದ್ದು." ಟೈಲರಮ್ಮನ ಕೇಸಿನಲ್ಲಿ ನಾನು ಗೆದ್ದದ್ದು ಇದೇ ವಾಕ್ಯದಿಂದ. ಆಮೇಲೆ ಎಷ್ಟು ಕೇಸು ಗೆದ್ದೆನೋ ಎಣಿಸಿಲ್ಲ. ಊರಿನ ಅರ್ಧ ವಕೀಲರು ಈ ವಾಕ್ಯವನ್ನು ನನ್ನ ನೋಟುಪುಸ್ತಕದಿಂದಲೇ ಎತ್ತಿಕೊಂಡು ಬದುಕಿದ್ದಾರೆ.

ಸೊಸೆ ನನ್ನ ಅರ್ಜಿಯನ್ನು ಯಂತ್ರಕ್ಕೆ ತೋರಿಸಿದಳು. ತಿದ್ದುವುದಕ್ಕಲ್ಲ, ಕಾಗುಣಿತ ನೋಡುವುದಕ್ಕೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಕೋಣೆಯಿಂದ ಕೂಗಿದಳು.

"ಮಾವ, ಒಂದ್ನಿಮಿಷ ಬನ್ನಿ ಇಲ್ಲಿ. ಇದು ಏನೋ ಬೇರೆ ಹೇಳ್ತಿದೆ."

"ಏನಂತೆ?"

"ಈ ಮಾತು ಕೋರ್ಟ್ ಹೇಳಿದ್ದಲ್ವಂತೆ. ಸೋತ ಕಡೆ ವಕೀಲರ ವಾದವಂತೆ. ಮುಂದಿನ ಪುಟದಲ್ಲಿ ಕೋರ್ಟು ಅದನ್ನ ತಳ್ಳಿಹಾಕಿದೆಯಂತೆ."

ನಿನಗೆ ಬಿಡಿಸಿ ಹೇಳಬೇಕಿಲ್ಲ. ಹಳೆಯ ಸಂಪುಟಗಳಲ್ಲಿ ಮೊದಲು ಎರಡೂ ಕಡೆಯ ವಕೀಲರ ವಾದವನ್ನು ಅಚ್ಚು ಹಾಕುತ್ತಿದ್ದರು, ಅದು ಮುಗಿದ ಮೇಲೆ ತೀರ್ಪು. ಹೊಸಬರು ಕೆಲವು ಸಲ ವಾದವನ್ನೇ ತೀರ್ಪೆಂದು ತಿಳಿದು ಬರೆದುಕೊಂಡು ಬಂದು, ಹಿರಿಯರ ಕೈಯಲ್ಲಿ ಬೈಸಿಕೊಳ್ಳುತ್ತಿದ್ದರು. ಆದರೆ ನಾನು! ಮೈಯೆಲ್ಲ ಉರಿದುಹೋಯಿತು.

"ಸುಳ್ಳು ಬೊಗಳತ್ತೆ ನಿನ್ನ ಯಂತ್ರ. ಮೂವತ್ತೆಂಟು ವರ್ಷದಿಂದ ಹೇಳ್ತಿರೋ ಮಾತು ಅದು. ಎಷ್ಟು ಜನ ಜಡ್ಜುಗಳು ಒಪ್ಪಿದಾರೆ ಗೊತ್ತಾ?"

"ಇರಬಹುದು ಮಾವ. ಇದೂ ತಪ್ಪು ಹೇಳುತ್ತೆ ಎಷ್ಟೋ ಸಲ. ಪುಸ್ತಕ ತೆಗೆದು ನೋಡಿಬಿಡೋಣ. ನೋಡಿದ್ರೆ ಮುಗೀತಲ್ಲ?"

ಅವಳು ಅಷ್ಟು ಸಮಾಧಾನವಾಗಿ ಹೇಳಿದ್ದೇ ನನಗೆ ಅನುಮಾನ ತರಿಸಿತು. ಇವಳಿಗೆ ನನ್ನ ಕುರ್ಚಿ ಬೇಕಾಗಿದೆ, ಅದಕ್ಕೇ ಯಂತ್ರದ ಬಾಯಲ್ಲಿ ಈ ಮಾತು ಹೇಳಿಸಿದ್ದಾಳೆ ಎಂದುಕೊಂಡೆ. ಗುಮಾಸ್ತ ಬಾಗಿಲ ಹತ್ತಿರ ನಿಂತಿದ್ದ, ಅವನೂ ಪಿತೂರಿಯಲ್ಲಿದ್ದಾನೆ ಎಂದುಕೊಂಡೆ. ಅವತ್ತಿನಿಂದ ನನ್ನ ಬೀರುವಿನ ಬಾಗಿಲ ಸಂದಿಗೆ, ಅಟ್ಟದ ಮೇಲಿನ ಟ್ರಂಕಿನ ಮುಚ್ಚಳಕ್ಕೆ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸಿಟ್ಟೆ, ಯಾರಾದರೂ ಕೈಹಾಕಿದರೆ ತಿಳಿಯಲಿ ಎಂದು. ಮೂರನೆಯ ದಿನ ಕಡ್ಡಿಗಳು ಇರಲಿಲ್ಲ. ಮೊದಲು ಟ್ರಂಕನ್ನೇ ತೆರೆದು ನೋಡಿದೆ. ಆಮೇಲೆ ಗೊತ್ತಾಯಿತು, ನನ್ನ ಹೆಂಡತಿ ಕಸ ಎಂದು ಗುಡಿಸಿ ಹಾಕಿದ್ದಳು.

ಸೊಸೆ ವಕೀಲರ ಗ್ರಂಥಾಲಯಕ್ಕೆ ಹೋಗಿ ಬಂದಳು. ಆ ಸಂಪುಟ ಇಲ್ಲ. ಪಟ್ಟಿಯಲ್ಲಿ ಅದರ ಮುಂದೆ ಕೆಂಪು ಶಾಯಿಯಲ್ಲಿ "ಕಳೆದಿದೆ" ಎಂದು ಬರೆದು, ನಮ್ಮ ಟೈಲರಮ್ಮನ ಕೇಸಿನ ವಾರದ ತಾರೀಖು ಹಾಕಿದೆಯಂತೆ. ಪರದೆಯ ಮೇಲೆ ತೋರಿಸುತ್ತೇನೆ ಬನ್ನಿ ಎಂದಳು. ಪರದೆಯ ಮೇಲೆ ಏನು ಬೇಕಾದರೂ ತೋರಿಸಬಹುದು, ನಾನು ಕಾಗದವನ್ನು ಮಾತ್ರ ನಂಬುತ್ತೇನೆ ಎಂದೆ. ಹಾಗಾದರೆ ಮೇಲಿನ ಕೋರ್ಟಿನ ಗ್ರಂಥಾಲಯಕ್ಕೇ ಹೋಗಿ ಮೊಹರು ಹಾಕಿಸಿದ ನಕಲು ತರುತ್ತೇನೆ ಎಂದು ಹೊರಟಿದ್ದಾಳೆ. ನಾನು ಬೇಡವೆನ್ನಲಿಲ್ಲ. ಏನೆಂದು ಬೇಡವೆನ್ನಲಿ? ಹತ್ತು ದಿನದೊಳಗೆ ಗಡಿಯಾರದವನ ಕೇಸು ಬರುತ್ತದೆ. ನನ್ನ ಅರ್ಜಿಯ ಕೊನೆಯಲ್ಲಿ ನಾನೇ ಬರೆದ ಘೋಷಣೆ ಸಹಿಗೆ ಕಾಯುತ್ತಿದೆ.

ಇವತ್ತು ಆ ಗ್ರಂಥಾಲಯದ ಮುದುಕ ಬಹಳ ನೆನಪಾದ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಚಪ್ಪಟೆ ಚಾಕು. ಹೊಸ ಸಂಪುಟಗಳಲ್ಲಿ ಕೆಲವು ಹಾಳೆಗಳ ಅಂಚು ಕತ್ತರಿಸದೆ ಜೋಡಿಯಾಗಿ ಕೂಡಿಕೊಂಡೇ ಬರುತ್ತಿದ್ದವಲ್ಲ, ಅವನ್ನು ಒಂದೊಂದೇ ಸೀಳಿ, ಊದಿ, ಆಮೇಲೆ ನಮ್ಮ ಕೈಗೆ ಕೊಡುತ್ತಿದ್ದ. "ನಿಧಾನ ಸ್ವಾಮಿ, ಪುಸ್ತಕ ಓಡಿಹೋಗಲ್ಲ" ಎನ್ನುತ್ತಿದ್ದ.

ಗುಮ್ಮ, ನಿನ್ನನ್ನು ಒಂದು ಕೇಳುತ್ತೇನೆ. ಕೇಸಿನ ಹಿಂದಿನ ಸಂಜೆ ನಾನು ಉಲ್ಲೇಖಗಳ ಪಟ್ಟಿಯನ್ನು ನಿನಗೆ ಕಳಿಸಿದ್ದೆ. ನೀನು ಆ ಸಂಪುಟವನ್ನು ಹುಡುಕಿದೆಯಾ? ಎಷ್ಟು ಹುಡುಕಿದೆ? ನಾವಿಬ್ಬರೂ ಈ ಮಾತನ್ನು ಇಷ್ಟು ವರ್ಷ ಎತ್ತಲೇ ಇಲ್ಲ.

ನಿನ್ನ
ಅನುಮಾನಪ್ಪ

ಮತ್ತೆ: ಆ ಮುದುಕ ಈಗ ಇದ್ದಾನೆಯೇ?


ಶನಿವಾರ, ಏಪ್ರಿಲ್ ೨೬

ಪ್ರೀತಿಯ ಗೆಳೆಯ,

ನಿನ್ನ ಆರು ಪುಟದ ಪತ್ರ ಬಂದು ಹದಿನೈದು ದಿನವಾಯಿತು. ಇಷ್ಟು ವರ್ಷದಲ್ಲಿ ನೀನು ನನಗೆ ಬರೆದದ್ದನ್ನೆಲ್ಲ ಕೂಡಿಸಿದರೂ ಆರು ಪುಟ ಆಗುತ್ತಿರಲಿಲ್ಲ. ತಡವಾದದ್ದಕ್ಕೆ ಈ ಸಲ ನೆಪ ಹೇಳುವುದಿಲ್ಲ. ನನಗೆ ಧೈರ್ಯವಿರಲಿಲ್ಲ.

ಅವತ್ತು ಸಂಜೆ ಬೀಗ ಹಾಕುವವರೆಗೂ ಒಂದೊಂದೇ ಕಪಾಟು ಇಳಿಸಿ ಹುಡುಕಿದೆ ಎಂದು ಬರೆದಿದ್ದೀಯ. ಮುದುಕ ಏಣಿ ಹಿಡಿದುಕೊಂಡು ನಿಂತಿದ್ದ, ಬೆಳಗ್ಗೆ ಇಲ್ಲೇ ಇತ್ತು ಸ್ವಾಮಿ ಎಂದು ಹಣೆ ಚಚ್ಚಿಕೊಂಡ ಎಂದು ಬರೆದಿದ್ದೀಯ. ಮಾರನೆಯ ದಿನದ್ದು ನನಗೂ ನೆನಪಿದೆ. ನ್ಯಾಯಾಧೀಶರು ಪುಸ್ತಕ ಕೇಳಿದರು, ಇಲ್ಲ ಎಂದು ಮುದುಕ ಹೇಳಿದ. ನಾನು ನೋಟುಪುಸ್ತಕದಿಂದ ಟೈಪು ಮಾಡಿಸಿದ ಹಾಳೆ ಮುಂದಿಟ್ಟೆ. ಅವರು ಅದನ್ನು ಓದಿ, "ವಕೀಲರ ಮಾತಿನ ಮೇಲೆ ನಂಬಿಕೆ ಇಡ್ತೀನಿ" ಎಂದರು. ಆಮೇಲೆ ನಿನ್ನ ಕಡೆ ತಿರುಗಿ, ನೀವು ಈ ತೀರ್ಪು ಓದಿದ್ದೀರಾ ಎಂದು ಕೇಳಿದರು. ನೀನು "ಇಲ್ಲ" ಎಂದೆ. ಬೇರೆ ಯಾರಾದರೂ ಆಗಿದ್ದರೆ ಓದಿದ್ದೇನೆ ಎಂದು ಹೇಳಿ, ಏನೋ ಒಂದು ವಾದ ಹೂಡುತ್ತಿದ್ದರು. ನೀನು ತಲೆ ತಗ್ಗಿಸಿ ನಿಂತದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

ಆದರೆ ಆಮೇಲೆ ಕೋರ್ಟಿನ ಮೆಟ್ಟಿಲ ಮೇಲೆ ನಡೆದದ್ದು ನನಗೆ ಗೊತ್ತಿರಲಿಲ್ಲ. ತಾಯಿಯ ಆರೈಕೆಗೆಂದು ನಲವತ್ತು ದಿನ ಆಸ್ಪತ್ರೆಯಲ್ಲಿ ಕೂತು, ಅದಕ್ಕಾಗಿ ಅಂಗಡಿ ಕಳೆದುಕೊಂಡ ಆ ಹೆಂಗಸು ನಿನಗೇ ಸಮಾಧಾನ ಹೇಳಿದಳಂತೆ: "ಹೋಗ್ಲಿ ಬಿಡಿ ಸ್ವಾಮಿ, ಓದೋಕೆ ನಿಮಗೆ ಪುರುಸೊತ್ತು ಆಗಿರಲಿಲ್ಲವೇನೋ." ಆ ಮಾತು ಕೇಳಿದ ಮೇಲೆ ಕೋಟು ಹಾಕಿಕೊಳ್ಳಲು ಕೈ ಬರಲಿಲ್ಲ ಎಂದು ಬರೆದಿದ್ದೀಯ. ಇದನ್ನು ಓದಿ ನಾನು ಅತ್ತೆ. ನನ್ನ ಹೆಂಡತಿ ಏನಾಯಿತೆಂದು ಕೇಳಿದ್ದಕ್ಕೆ ಕಣ್ಣಿಗೆ ಧೂಳು ಬಿತ್ತೆಂದೆ.

ಮುದುಕನ ಬಗ್ಗೆ ಬರೆದದ್ದು ಅದಕ್ಕಿಂತ ಹೆಚ್ಚು ಚುಚ್ಚಿತು. ನೀನು ಸಿಟ್ಟಿನಲ್ಲಿ ಅವನ ಮೇಲೆ ಬರೆದುಕೊಟ್ಟ ದೂರಿನಿಂದ ಅವನ ಕೆಲಸ ಹೋಯಿತು. ನಿನಗೆ ಅದು ಸಹಿಸಲಾಗದೆ ವರ್ಷಕ್ಕೊಂದು ಸಲ ಅವನ ಮನೆಗೆ ಹೋಗಿ ಕೂತು ಬರುತ್ತಿದ್ದೆ. ಹನ್ನೊಂದು ವರ್ಷದ ಹಿಂದೆ ಸಾಯುವಾಗಲೂ ಅವನು "ನಾನು ತೆಗೀಲಿಲ್ಲ ಸ್ವಾಮಿ" ಎಂದೇ ಹೇಳಿದನಂತೆ. ನಿನಗೆ ನಂಬಿಕೆ ಬಂದಿತ್ತು, ಆದರೂ ಮತ್ತೆ ಯಾರು ತೆಗೆದರು ಎಂದು ತಿಳಿಯಲಿಲ್ಲ ಎಂದು ಬರೆದು ನಿಲ್ಲಿಸಿದ್ದೀಯ.

ಇನ್ನು ಇಲ್ಲಿಯದು ಹೇಳುತ್ತೇನೆ. ಸೊಸೆ ನಕಲು ತಂದಳು. ಪುಟಪುಟಕ್ಕೂ ಮೊಹರು. ನಾನು ಮೊದಲು ಮೊಹರನ್ನೇ ಬೆಳಕಿಗೆ ಹಿಡಿದು ನೋಡಿದೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ. ಆಮೇಲೆ ಓದಿದೆ. ಯಂತ್ರ ಹೇಳಿದ್ದು ನಿಜ. ನನ್ನ ವಾಕ್ಯ ಇನ್ನೂರ ಹನ್ನೊಂದನೆಯ ಪುಟದ ಕೊನೆಯ ಸಾಲು, ಸೋತ ವಕೀಲನ ವಾದ. ಪುಟ ತಿರುಗಿಸಿದರೆ ಮೇಲೆಯೇ ಕೋರ್ಟಿನ ಮಾತು: "ಈ ವಾದವನ್ನು ಒಪ್ಪಲಾಗದು. ಬಾಗಿಲು ಏಕೆ ಮುಚ್ಚಿತ್ತೆಂದು ಕೇಳದೆ ಯಾರನ್ನೂ ಹೊರಹಾಕತಕ್ಕದ್ದಲ್ಲ." ಒಂದು ಹಾಳೆ, ಗುಮ್ಮ. ಅಷ್ಟು ವರ್ಷ, ಅಷ್ಟು ಕೇಸು, ಅಷ್ಟು ಬಾಗಿಲು, ಎಲ್ಲ ಆ ಒಂದು ಹಾಳೆಯ ಈಚೆ.

 ಗೆದ್ದವಳ ಮುಖ ಮಾಡಿಕೊಂಡು ಬರುತ್ತಾಳೆಂದು ಕಾದಿದ್ದೆ, ಸೊಸೆ ಕಾಫಿ ತಂದಿಟ್ಟು ಎದುರು ಕೂತಳು. "ಮಾವ, ನಮ್ಮ ಹತ್ರ ಆ ಪುಸ್ತಕ ಇದ್ದಿದ್ರೆ ಯಾರಾದ್ರೂ ಒಬ್ರು ಎಂದೋ ನೋಡಿರೋರು. ಕಳೆದುಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು" ಎಂದಳು. ಅವಳಿಗೆ ಏನಾದರೂ ಗೊತ್ತಿದೆಯೇ ಎಂದು ಅವಳ ಮುಖವನ್ನೇ ನೋಡಿದೆ. ಏನೂ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ.

ಗುಮಾಸ್ತ ಘೋಷಣೆಯ ಹಾಳೆ ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ನಾನೇ ಖುದ್ದಾಗಿ, ಮೊದಲಿನಿಂದ ಕೊನೆಯವರೆಗೆ. ಆ "ಮೊದಲಿನಿಂದ ಕೊನೆಯವರೆಗೆ" ಎಂಬುದು ಕರಡಿನಲ್ಲಿ ಇರಲಿಲ್ಲ, ಹುಡುಗರು ನುಣುಚಿಕೊಳ್ಳುತ್ತಾರೆಂದು ನಾನೇ ಹಟ ಮಾಡಿ ಸೇರಿಸಿದ್ದು. ಸಹಿ ಹಾಕಲಿಲ್ಲ. ಕಕ್ಷಿದಾರನನ್ನು ಕರೆಸಿ, ಈ ತೀರ್ಪು ನಡೆಯುವುದಿಲ್ಲ, ನಾನು ಇದನ್ನು ಕೋರ್ಟಿಗೆ ಹೇಳಲೇಬೇಕು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಕಡೆಯೋರು ಏನಾದ್ರೂ ಸಿಕ್ಕಿದ್ರಾ ಸಾರ್?" ಎಂದು ಕೇಳಿದ.

ನಮ್ಮ ನ್ಯಾಯಾಧೀಶೆ ನನ್ನ ಮಗಳ ವಯಸ್ಸಿನವರು. ನನ್ನ ಮಂಡಿ ನೋಡಿ, "ಕೂತ್ಕೊಂಡೇ ಹೇಳಿ ಸಾರ್" ಎಂದರು. ಇದನ್ನು ನಿಂತೇ ಹೇಳಬೇಕು ಎಂದೆ. ಈ ವಾಕ್ಯವನ್ನು ಮೂವತ್ತೆಂಟು ವರ್ಷದಿಂದ ಈ ಕಟ್ಟಡದಲ್ಲಿ ಹೇಳುತ್ತ ಬಂದಿದ್ದೇನೆ, ಇದು ಕೋರ್ಟಿನ ಮಾತಲ್ಲ, ನಾನು ಪೂರ್ತಿ ಓದಿರಲಿಲ್ಲ, ಹಿಂತೆಗೆದುಕೊಳ್ಳುತ್ತೇನೆ ಎಂದೆ. ಹಿಂದಿನ ಬೆಂಚಿನಲ್ಲಿ ಫೈಲುಗಳ ಸದ್ದು ನಿಂತುಹೋಯಿತು. ಅವರಲ್ಲಿ ಅರ್ಧ ಜನರ ಚೀಲದಲ್ಲಿ ಅದೇ ವಾಕ್ಯ ಇದ್ದಿರಬೇಕು. ನ್ಯಾಯಾಧೀಶೆ ನಿಧಾನವಾಗಿ ಬರೆದುಕೊಂಡು ಕೇಸನ್ನು ಮುಂದಕ್ಕೆ ಹಾಕಿದರು. ಮಾಲೀಕ ಫೈಲು ಕಿತ್ತುಕೊಂಡು ಬೇರೆ ವಕೀಲರ ಹತ್ತಿರ ಹೋದ.

ಹೊರಗೆ ಗಡಿಯಾರದವನು ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ನಿಂತಿದ್ದ. "ಏನಾಯ್ತು ಸಾರ್, ಗೆದ್ನೋ ಸೋತ್ನೋ?"

"ಇನ್ನೂ ಎರಡೂ ಇಲ್ಲಪ್ಪ. ಬಾಗಿಲು ಯಾಕೆ ಹಾಕಿದ್ದೆ ಅಂತ ಕೇಳ್ತಾರೆ, ಆಸ್ಪತ್ರೆ ಕಾಗದ ಇಟ್ಕೊಂಡಿರು."

ಅವನು ಪಟ್ಟಿಯಿಲ್ಲದ ಕಣ್ಣನ್ನು ಕಿರಿದುಮಾಡಿ ನನ್ನನ್ನು ನೋಡಿದ. "ಎದುರು ಪಾರ್ಟಿ ವಕೀಲರು ನೀವು. ನನಗೆ ಬುದ್ಧಿ ಹೇಳ್ತಿದೀರ. ಇದರಲ್ಲಿ ಏನೋ ಮರ್ಮ ಇದೆ ಅಲ್ವಾ ಸಾರ್?" ನನ್ನನ್ನು ಹಾಗೆ ಅನುಮಾನಿಸಿದ್ದಕ್ಕೆ ಅವನ ಮೇಲೆ ಪ್ರೀತಿಯೇ ಬಂತು.

ಸಂಘದಲ್ಲಿ ಆದದ್ದು ಕೇಳು. ಮಾರನೆಯ ದಿನವೇ ತುರ್ತುಸಭೆ. ಘೋಷಣೆಯ ನಿಯಮದಿಂದ ಹಿರಿಯರ ಮೇಲೆ ಅಪನಂಬಿಕೆ ಹುಟ್ಟುತ್ತಿದೆ, ಆದ್ದರಿಂದ ಅದು ಯಂತ್ರ ಬಳಸುವವರಿಗೆ ಮಾತ್ರ ಅನ್ವಯಿಸಲಿ ಎಂದು ಠರಾವು. ಒಬ್ಬರು ಎದ್ದುನಿಂತು, "ಯಂತ್ರ ಬರೋಕ್ಮುಂಚೆ ಎಲ್ಲಾ ನೆಟ್ಟಗಿತ್ತು" ಎಂದರು. ನನಗೆ ಚಪ್ಪಾಳೆ ತಟ್ಟಿದ್ದ ಕೈಗಳೇ ಅವರಿಗೂ ತಟ್ಟಿದವು. ನಾನು ಎದ್ದು, ಯಂತ್ರ ಬರುವ ಮುಂಚೆ ಸುಳ್ಳನ್ನು ಕೈಯಲ್ಲೇ ಬರೆಯುತ್ತಿದ್ದೆವು, ನಿಯಮ ಹಾಗೇ ಇರಲಿ ಎಂದೆ. ನನ್ನ ಪರ ಎದ್ದದ್ದು ಎರಡು ಕೈ. ಒಂದು ಸೊಸೆಯದು. ಇನ್ನೊಂದು ಬಾಗಿಲ ಹತ್ತಿರ ನಿಂತಿದ್ದ ನಮ್ಮ ಗುಮಾಸ್ತನದು, ಅವನಿಗೆ ಅಲ್ಲಿ ಮತವೇ ಇಲ್ಲ.

ಯಂತ್ರವನ್ನು ನಾನು ಈಗಲೂ ನಂಬುವುದಿಲ್ಲ. ಅದು ಇನ್ನೊಂದು ಸಲ ಸುಳ್ಳು ತೀರ್ಪು ಹೆರುತ್ತದೆ, ನೋಡುತ್ತಿರು. ಆದರೆ ನನ್ನನ್ನು ನಂಬುವುದನ್ನು ಬಿಟ್ಟ ಮೇಲೆ ಅದರ ಮೇಲಿನ ಸಿಟ್ಟು ಸ್ವಲ್ಪ ಇಳಿದಿದೆ. ಸೊಸೆಯ ಮೇಲಿನದು ಪೂರ್ತಿ ಇಳಿದಿದೆ.

ನಿನ್ನ ಮೊಮ್ಮಗಳು ಕಾನೂನು ಓದಲು ಸೇರಿದ್ದಾಳೆಂದು ಬರೆದಿದ್ದೀಯ. ಅವಳಿಗೆ ನನ್ನ ಮನಃಪೂರ್ವಕ ಆಶೀರ್ವಾದ. ಅಜ್ಜನ ಕಣ್ಣು ಬರಲಿ, ಅಜ್ಜನ ಹಾಗೆ "ಓದಿಲ್ಲ" ಎಂದು ಹೇಳುವ ಎದೆಯೂ ಬರಲಿ. ನಿನ್ನ ಕೈ ಗಟ್ಟಿಯಾಗಿರಲಿ, ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಕೊನೆಯವರೆಗೂ ಇರಲಿ. ನನಗೆ ತಂಗಿಯಂತಿರುವ ನಿನ್ನ ಹೆಂಡತಿಗೆ ನನ್ನ ನಮಸ್ಕಾರ ತಿಳಿಸು. ಅವಳು ನನ್ನನ್ನು ಬಯ್ಯುವ ಹಾಗಾದರೆ ತಡೆಯಬೇಡ.

ನಿನ್ನವನೆಂದು ಬರೆಯಲು ಹಕ್ಕಿದೆಯೋ ಇಲ್ಲವೋ ತಿಳಿಯದ
ಅನುಮಾನಪ್ಪ

ಇನ್ನೊಂದು: ಪತ್ರದ ಜೊತೆ ಒಂದು ಪೊಟ್ಟಣ ಬರುತ್ತದೆ. ಬಿಚ್ಚಿದ ಕೂಡಲೇ ನಿನಗೆ ಗುರುತು ಸಿಗುತ್ತದೆ, ಬೆನ್ನಿನ ಮೇಲೆ ಗ್ರಂಥಾಲಯದ ಚೀಟಿ ಇನ್ನೂ ಇದೆ.

ಅವತ್ತು ಮಧ್ಯಾಹ್ನ ವಾಕ್ಯವನ್ನು ಬರೆದುಕೊಂಡ ಮೇಲೆ ಅದನ್ನು ಕಪಾಟಿಗೆ ಇಡಲು ಹೋದವನು ನಿಂತುಬಿಟ್ಟೆ. ಗುಮ್ಮ ಇದನ್ನು ಓದುತ್ತಾನೆ, ಅವನು ಓದಿದರೆ ನನಗೆ ಕಾಣದ್ದೇನನ್ನೋ ಹುಡುಕುತ್ತಾನೆ ಎಂಬ ಅನುಮಾನ. ಕೋಟಿನೊಳಗೆ ಸೇರಿಸಿಕೊಂಡು ಹೊರಟೆ. ಒಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ಮಾರನೆಯ ದಿನ ಗಲಾಟೆ ಎದ್ದಿತು, ಮರುವಾರ ಮುದುಕನನ್ನು ತೆಗೆದರು, ಆಮೇಲೆ ನೀನು ಊರು ಬಿಟ್ಟೆ. ಹಿಂದಕ್ಕೆ ಇಡುವ ಧೈರ್ಯ ಬರಲಿಲ್ಲ. ಅಟ್ಟದ ಟ್ರಂಕಿನಲ್ಲಿ, ಹಳೆಯ ಕೋಟುಗಳ ಅಡಿಯಲ್ಲಿ ಇತ್ತು. ನಿನ್ನ ಪತ್ರ ಬಂದ ಮೇಲೆ ಇಳಿಸಿದೆ.

ಇನ್ನೂರ ಹನ್ನೊಂದನೆಯ ಪುಟ ತೆಗೆದು ನೋಡು. ಅದರ ಹಾಳೆಯೂ ಮುಂದಿನ ಹಾಳೆಯೂ ಅಂಚಿನಲ್ಲಿ ಕೂಡಿಕೊಂಡಿವೆ. ಮುದುಕನ ಚಾಕು ಅಲ್ಲಿಗೆ ಇನ್ನೂ ತಲುಪಿರಲಿಲ್ಲ, ನಾನೂ ಬಿಡಿಸಿ ನೋಡಲಿಲ್ಲ. ಈಗಲೂ ಸೀಳಿಲ್ಲ. ಅದನ್ನು ಸೀಳುವ ಚಾಕು ನಿನ್ನ ಅಂಗಡಿಯಲ್ಲಿದೆ. ಆ ಸಂಜೆ ನೀನು ಓದಬೇಕಾಗಿದ್ದದ್ದು ಅದರೊಳಗೆ ಹಾಗೇ ಇದೆ, ಓದಿದ್ದರೆ ನೀನು ಗೆಲ್ಲುತ್ತಿದ್ದೆ. ಈ ಪುಸ್ತಕದಲ್ಲಿ ಆ ಪುಟವನ್ನು ಇವತ್ತಿನವರೆಗೂ ಯಾರೂ ಓದಿಲ್ಲ. ಕದ್ದವನೂ ಓದಿಲ್ಲ.